ಬುಧವಾರದ ಅಳತೆ

"ನಿಮ್ಮದು ಮುಂದೆ ಓಡ್ತಾ ಇದೆ," ಅಂದ ಗೆರ್ಲೋಫ್.

ಹಿಸ್ಕೆ ತನ್ನ ಗಡಿಯಾರದ ಪೆಟ್ಟಿಗೆಗೆ ಸುತ್ತಿದ್ದ ಉಣ್ಣೆಯ ಹೊದಿಕೆಯನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. "ಎಷ್ಟು?"

"ಸಾವಿರ ಕೋಟಿಗೆ ಎರಡು."

"ಅಥವಾ ನಿಮ್ಮದು ಹಿಂದೆ ಬಿದ್ದಿದೆ."

ಮೇಜಿನ ಸುತ್ತ ಕೂತಿದ್ದ ಏಳೂ ಜನ ನಕ್ಕರು. ಮಿಡ್‌ವೆರ್ಟ್ ಊರಿನ ಚರ್ಚಿನ ಹಿಂದಿನ ಕೋಣೆಯಲ್ಲಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಇವರು ಸೇರುತ್ತಾರೆ. ಸಮುದ್ರದಂಚಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಬೇರೆಯವರು ದೋಣಿಯನ್ನೋ ಕುರಿಯನ್ನೋ ಹಚ್ಚಿಕೊಂಡ ಹಾಗೆ ಇವರು ಕಾಲವನ್ನು ಹಚ್ಚಿಕೊಂಡವರು. ಸಾವಿರ ಕೋಟಿಗೆ ಎರಡು ಅಂದರೆ ನೂರೈವತ್ತು ವರ್ಷಕ್ಕೆ ಒಂದು ಸೆಕೆಂಡಿನ ವ್ಯತ್ಯಾಸ. ಅಷ್ಟಕ್ಕೇ ಇವರಿಗೆ ಊಟ ಸೇರುವುದಿಲ್ಲ.

ಉಳಿದವರದೆಲ್ಲ ಹರಳಿನ ಗಡಿಯಾರ. ಗೆರ್ಲೋಫನ ಹತ್ತಿರ ಮಾತ್ರ ರುಬಿಡಿಯಂ ಎಂಬ ಲೋಹದ ಪರಮಾಣುವಿನಿಂದ ನಡೆಯುವ ಗಡಿಯಾರ ಇತ್ತು. ಅವನದು ಹೇಳಿದ್ದೇ ಕಾಲ. ಎಲ್ಲರೂ ತಮ್ಮ ಪೆಟ್ಟಿಗೆ ತಂದು ಅದರ ಪಕ್ಕದಲ್ಲಿಟ್ಟು, ಎಷ್ಟು ತಪ್ಪಿದ್ದೇವೆ ಎಂದು ನೋಡಿಕೊಂಡು ಹೋಗುತ್ತಿದ್ದರು.

"ಮಗಳೇ," ಅಂದ ಮುದುಕ ಬೋಟೆ, ಸಭೆಗೆ ಮೊದಲು ಪ್ರಾರ್ಥನೆ ಹೇಳುವವನು, "ಗೆರ್ಲೋಫನ ಗಡಿಯಾರಕ್ಕೆ ಎದುರಾಡ್ತೀಯಲ್ಲ, ಪಾದ್ರಿಗೆ ಬೈಬಲ್ ಹೇಳಿಕೊಡ್ತೀಯಾ?"

"ಪಾದ್ರಿಗೂ ಒಮ್ಮೊಮ್ಮೆ ಪುಟ ತಪ್ಪುತ್ತೆ, ಬೋಟೆ ಅಜ್ಜ." ಅವಳು ಗೆರ್ಲೋಫನ ಕಡೆ ತಿರುಗಿದಳು. ಮೀಟರಿನ ಮುಳ್ಳು ನೋಡುವ ಹಾಗೆ ನೋಡಿದಳು, ನಿಧಾನವಾಗಿ, ಅದು ನಿಲ್ಲುವ ತನಕ. "ಎರಡೇ ಗಡಿಯಾರ ಇದ್ದರೆ ತಪ್ಪು ಯಾರದು ಅಂತ ಹೇಗೆ ಗೊತ್ತಾಗುತ್ತೆ?"

ಪೆಟ್ಟಿಗೆ ಕೆಲವು ವಾರ ಗೆರ್ಲೋಫನ ಮನೆಯಲ್ಲಿ ಇರುವುದು, ಅವಳು ಬುಧವಾರ ಬುಧವಾರ ಬಂದು ಅಂಕಿ ನೋಡುವುದು ಎಂದಾಯಿತು.

"ಆಫ್ ಮಾತ್ರ ಮಾಡಬೇಡಿ," ಅಂದಳು. "ಆರು ವರ್ಷದಿಂದ ಒಂದು ಕ್ಷಣವೂ ನಿಂತಿಲ್ಲ. ಸೈಕಲ್ ಮೇಲೆ ತರುವಾಗಲೂ ಬ್ಯಾಟರಿ ಕಟ್ಟಿಕೊಂಡು ಬಂದೆ. ತಿರುಪನ್ನೂ ಮುಟ್ಟಿಲ್ಲ."

ಅದು ಇವರ ವ್ರತ. ಗಡಿಯಾರ ತಪ್ಪಿದರೆ ತಿರುಪು ತಿರುಗಿಸಿ ಸರಿ ಮಾಡುವುದು ಅಂಗಡಿಯವರ ಕೆಲಸ. ಇವರು ಎಷ್ಟು ತಪ್ಪಿದೆ ಎಂದು ಪುಸ್ತಕದಲ್ಲಿ ಬರೆಯುತ್ತಾರೆ, ಅಷ್ಟೇ. ವರ್ಷಗಟ್ಟಲೆ ಬರೆದ ಅಂಕಿಗಳು ಕೂಡಿ ಒಂದು ಗೆರೆಯಾಗುತ್ತವೆ. ಆ ಗೆರೆ ಎಲ್ಲೂ ಮುರಿಯಬಾರದು.

ಗೆರ್ಲೋಫ್ ಹೊಲಗಳ ನೀರೆತ್ತುವ ಪಂಪ್‌ಮನೆಗಳ ಎಲೆಕ್ಟ್ರಿಷಿಯನ್. ನಲವತ್ತೊಂದು ವಯಸ್ಸು, ಒಬ್ಬನೇ. ಹಿಸ್ಕೆ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಬುಧವಾರ ಐದಕ್ಕೆ ಬರುವಳು, ಅಂಕಿ ಬರೆದುಕೊಳ್ಳುವಳು, ಕಾಫಿ ಕುಡಿಯುವಳು. ಮೊದಲ ಬುಧವಾರ ಗೆರ್ಲೋಫ್ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದ.

"ಎರಡನೆಯದಕ್ಕೆ ಅರ್ಜಿ ಹಾಕಬೇಕಾ?"

"ಒಬ್ಬರಿಗೆ ಒಂದೇ. ನಮ್ಮಮ್ಮನ ಕಾಲದ ಕಾನೂನು."

"ಅವರು ಈಗೆಲ್ಲಿದ್ದಾರೆ?"

"ಸ್ವರ್ಗದಲ್ಲಿ."

"ಹಾಗಾದರೆ ಅಲ್ಲಿ ಯಾರೋ ಎಣಿಸಿ ತಿಂತಾ ಇದ್ದಾರೆ ಪಾಪ."

ಅವನು ಡಬ್ಬಿ ತೆಗೆದ. ನಗು ಬಂದದ್ದು ಅವಳು ಹೋಗಿ ಗೇಟು ಹಾಕಿಕೊಂಡ ಮೇಲೆ.

ಎರಡನೇ ಬುಧವಾರ ಅವಳು, ಹಾಲಿನ ಕೊಬ್ಬಿನಂಶ ಹೇಳುವ ದನಿಯಲ್ಲೇ, ಗಂಡನ ವಿಷಯ ಹೇಳಿದಳು. "ಮೆನ್ನೊ ತೀರಿಕೊಂಡ ವಾರ ಇದನ್ನ ಹಚ್ಚಿದೆ. ಮನೆಯಲ್ಲಿ ಒಂದಾದರೂ ನಿಲ್ಲದೇ ಇರಲಿ ಅಂತ."

ಹೊರಗೆ ಕಾಲುವೆಯ ನೀರು ಬೆಳಕನ್ನು ಹೊತ್ತುಕೊಂಡು ನಿಂತಿತ್ತು. ಅವಳ ಕೈ ಪೆಟ್ಟಿಗೆಯ ಮೇಲಿತ್ತು, ಮಲಗಿದ ಮಗುವಿನ ಬೆನ್ನ ಮೇಲೆ ಇಟ್ಟ ಹಾಗೆ. ಗೆರ್ಲೋಫ್ ಆ ಕೈಯನ್ನೇ ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಇಬ್ಬರೂ ಅಂಕಿಯ ಕಡೆ ತಿರುಗಿದರು.

ಆ ವಾರ ಅವನು ಏಣಿ ಹಾಕಿ ಛಾವಣಿ ಹತ್ತಿದ. ಒಂದೂವರೆ ವರ್ಷದ ಹಿಂದಿನ ಬಿರುಗಾಳಿಗೆ ಬಿದ್ದ, ಉಪಗ್ರಹಗಳ ಸಮಯ ಹಿಡಿಯುವ ಆಂಟೆನಾ ಹಾಗೇ ಬಿದ್ದಿತ್ತು. ರುಬಿಡಿಯಂ ಇರುವಾಗ ಉಪಗ್ರಹಗಳ ಗಡಿಯಾರವನ್ನು ಏಕೆ ಕೇಳಬೇಕು ಎಂದು ಸುಮ್ಮನಿದ್ದವನು, ಈಗ ಎತ್ತಿ ಕಟ್ಟಿದ. ಭಾನುವಾರ ಚರ್ಚಿನಿಂದ ಬಂದು, ಕೋಟು ಬಿಚ್ಚದೆ ಆಂಟೆನಾಗೆ ಜೋಡಿಸಿದ ರಿಸೀವರಿನ ಪರದೆ ನೋಡಿದ.

ಹಿಸ್ಕೆಯ ಪೆಟ್ಟಿಗೆ ಸರಿಯಾಗಿತ್ತು. ಇವನ ಗಡಿಯಾರದೊಳಗಿನ ರುಬಿಡಿಯಂ ದೀಪಕ್ಕೆ ವಯಸ್ಸಾಗಿ, ಅದೇ ಹಿಂದೆ ಬಿದ್ದಿತ್ತು.

ಹೇಳಿಬಿಟ್ಟರೆ ಅವಳು ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಾಳೆ. ಮತ್ತೆ ಬುಧವಾರ ಬರಲು ಅವಳಿಗೆ ಕಾರಣವೇ ಇರುವುದಿಲ್ಲ. ಮುಂದಿನ ವಾರ ಹೇಳೋಣ ಅಂದುಕೊಂಡ. ಆ ಬುಧವಾರ ಅವಳು ಬರುವ ಮೊದಲು ಉಪಗ್ರಹದ ರಿಸೀವರನ್ನು ಕಪಾಟಿನಲ್ಲಿಟ್ಟ. ಅದರ ಮುಂದಿನ ಬುಧವಾರವೂ ಇಟ್ಟ. ಊಟದ ಮುಂಚೆ ಅವನು ಹೇಳುವ ಪ್ರಾರ್ಥನೆ ಮಾತ್ರ ದಿನದಿಂದ ದಿನಕ್ಕೆ ಚಿಕ್ಕದಾಗುತ್ತ ಬಂತು.

ಐದನೇ ಬುಧವಾರ ಅವನು ಅಡುಗೆಮನೆಯಿಂದ ಕಾಫಿ ಹಿಡಿದು ಬಂದಾಗ ಹಿಸ್ಕೆಯ ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇತ್ತು.

"ನೀವು ಹೇಳಿದ್ದೇ ಸರಿ," ಅಂದಳು. "ಐದು ವಾರ ಆಯಿತು, ಅದೇ ಅಂಕಿ. ಹಟ ಮಾಡಿ ಏನು ಪ್ರಯೋಜನ? ಗೆರೆ ಮುರಿದರೂ ಪರವಾಗಿಲ್ಲ ಅಂತ ತಿರುಪು ತಿರುಗಿಸಿ ನಿಮ್ಮದಕ್ಕೆ ಹೊಂದಿಸಿಬಿಟ್ಟೆ."

ಪರದೆಯ ಮೇಲೆ ವ್ಯತ್ಯಾಸ ಸೊನ್ನೆಯ ಹತ್ತಿರ ಆಡುತ್ತಿತ್ತು. ಗೆರ್ಲೋಫ್ ಕಪ್ಪುಗಳನ್ನು ಕೆಳಗಿಟ್ಟ. ಕಪಾಟು ತೆರೆದು, ಒಳಗಿದ್ದದ್ದನ್ನು ತಂದು ಅವಳ ಮುಂದಿಟ್ಟ.

"ತಪ್ಪು ನನ್ನದರಲ್ಲಿ ಇತ್ತು."

ಅವಳು ರಿಸೀವರ್ ನೋಡಿದಳು, ಅವನನ್ನು ನೋಡಿದಳು. "ಯಾವಾಗ ಗೊತ್ತಾಯಿತು?"

"ಮೂರನೇ ಬುಧವಾರಕ್ಕೆ ಮುಂಚೆ."

"ಮತ್ತೆ ಬಾಯಿಗೆ ಏನಾಗಿತ್ತು?"

"ಹೇಳಿದರೆ ನೀವು ಬರೋದು ನಿಲ್ಲಿಸ್ತಿದ್ರಿ."

ಅವಳು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬ್ಯಾಟರಿ ಸಿಕ್ಕಿಸಿದಳು, ಹೊದಿಕೆ ಸುತ್ತಿದಳು. ಅವನು ಬಾಗಿಲು ತೆರೆಯಲು ಹೋದ. ಅವಳು ಮೊಣಕೈಯಿಂದ ತಾನೇ ತೆರೆದುಕೊಂಡಳು.

ಮುಂದಿನ ಸಭೆಯಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಗೆರ್ಲೋಫ್ ಎದ್ದು ನಿಂತ. ತನ್ನ ಗಡಿಯಾರ ಹಿಂದೆ ಬಿದ್ದಿದೆ ಎಂದ. ಅದಕ್ಕೆ ಹೋಲಿಸಿ ಎಲ್ಲರೂ ಈಚೆಗೆ ಬರೆದುಕೊಂಡ ಅಂಕಿಗಳೂ ತಪ್ಪು ಎಂದ. ಹಿಸ್ಕೆಯದು ಸರಿ ಇತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ, ಅವರ ಆರು ವರ್ಷದ ಗೆರೆ ನನ್ನಿಂದ ಮುರಿಯಿತು ಎಂದ.

ಬೋಟೆ ಮೂಗು ಒರೆಸಿಕೊಂಡ. "ಅಂತೂ ನಾವೆಲ್ಲ ಸೇರಿ ಒಂದೇ ತಪ್ಪು ಮಾಡಿದ್ದೀವಿ. ಚರ್ಚು ಅಂದರೆ ಅದೇ ಅಲ್ಲವೇನೋ? ಕೂತ್ಕೊ, ಗೆರ್ಲೋಫ್."

ಅವನು ಕೂರುವ ಮೊದಲೇ ಹಿಸ್ಕೆ ತನ್ನ ಪುಸ್ತಕವನ್ನು ಮೇಜಿನ ಮೇಲೆ ಅವನತ್ತ ತಳ್ಳಿದಳು. "ಗೆರೆ ಮುರಿದರೆ ಕಾರಣ ಬರೀಬೇಕು. ಮುರಿದವರೇ ಬರೀರಿ."

ಅವನು ತಾರೀಕು ಬರೆದ, ಗಂಟೆ ಬರೆದ. ಕಾರಣ ಎಂಬಲ್ಲಿ ಪೆನ್ನು ನಿಂತಿತು. ಎಲ್ಲರ ಎದುರಿಗೆ, ಕೆಂಪಗಾದ ಕಿವಿಗಳೊಂದಿಗೆ ಬರೆದ: ಇವಳು ಬರುತ್ತಲೇ ಇರಲಿ ಎಂಬ ಆಸೆ.

ಹಿಸ್ಕೆ ಓದಿದಳು. ಇನ್ನೊಮ್ಮೆ ಓದಿದಳು. "ಇದು ತಾಂತ್ರಿಕ ಕಾರಣ ಅಲ್ಲ."

"ಹೊಡೆದು ಹಾಕಲಾ?"

"ಪುಸ್ತಕದಲ್ಲಿ ಹೊಡೆದು ಹಾಕೋ ಹಾಗಿಲ್ಲ." ಅವಳು ಪುಸ್ತಕ ಮುಚ್ಚಿ ಎದ್ದಳು. ಬಾಗಿಲ ಹತ್ತಿರ, ತಿರುಗದೆ ಹೇಳಿದಳು: "ಮುಟ್ಟಿದ ಹರಳು ನೆಲೆಗೆ ಬರೋಕೆ ಆರು ವಾರ ಬೇಕು. ಯಾರಾದರೂ ಬಂದು ನೋಡಬೇಕಾಗುತ್ತೆ. ನಮ್ಮ ಮನೆಯಲ್ಲಿ."

"ನಿಮಗೂ ಆರು ವಾರ ಸಾಕಾ?"

"ನೋಡೋಣ. ನನ್ನನ್ನ ಅಳೆದವರು ಇಲ್ಲ."

ಬುಧವಾರ ಅವನು ರಿಸೀವರ್ ಹಿಡಿದು ಅವಳ ಮನೆಗೆ ಹೋದ. ಮೊದಲ ಎರಡು ಬುಧವಾರ ಅವಳು ಅಂಕಿಯ ಹೊರತು ಬೇರೇನೂ ಮಾತಾಡಲಿಲ್ಲ. ಮೂರನೆಯ ವಾರ ಸೈಕಲ್ಲಿನ ಗಾಳಿ ಕಡಿಮೆಯಾಗಿದೆ, ನೋಡಿ ಅಂದಳು. ಐದನೆಯ ವಾರ, ಬೋಟೆ ಸಭೆಯಲ್ಲಿ ತೂಕಡಿಸುತ್ತ ಪ್ರಾರ್ಥನೆ ಹೇಳಿದ್ದನ್ನು ಅಣಕಿಸಿ ತೋರಿಸಿದಳು, ಇಬ್ಬರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬರುವಷ್ಟು.

ಆರನೆಯ ಬುಧವಾರ ಅಂಕಿ ಅಲುಗಾಡಲಿಲ್ಲ. ಹರಳು ನೆಲೆಗೆ ಬಂದಿತ್ತು. ಗೆರ್ಲೋಫ್ ಬರೆದು, ಪೆನ್ನಿನ ಮುಚ್ಚಳ ಹಾಕಿ, ಕೋಟು ತೆಗೆದುಕೊಂಡ. ಇನ್ನು ನೋಡಬೇಕಾದದ್ದು ಏನೂ ಉಳಿದಿರಲಿಲ್ಲ.

"ಎಲ್ಲಿಗೆ ಹೊರಟೆ?" ಅಂದಳು ಹಿಸ್ಕೆ ಒಲೆಯ ಕಡೆಯಿಂದ. "ಬಟಾಣಿ ಸೂಪು ಇಬ್ಬರಿಗೆ ಮಾಡಿದೀನಿ. ಪ್ರಾರ್ಥನೆ ನೀನೇ ಹೇಳು. ಉದ್ದ ಆದರೂ ಪರವಾಗಿಲ್ಲ."

ಅವನು ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಕೂತು, ಕೈ ಜೋಡಿಸಿದ. ಉದ್ದವೇ ಆಯಿತು. ಸೂಪು ಆರಿತು.