ಬಾರೀಗಿಡದ ಓಣಿಯ ಮೂವತ್ತೈದು ನಿಮಿಷ

ಹೇತುಗ್ರಾಹಿ ಮೂರು ದಿನಗಳಿಂದ ಪ್ರಶ್ನೆ ಕೇಳುತ್ತಲೇ ಇತ್ತು. ಕರಿಬಸವನಕೊಪ್ಪ ನಗರಸಭೆಯ ಸಭಾಂಗಣದ ಮೇಜಿನ ಮೇಲಿದ್ದ ಆ ಬೂದು ಬಣ್ಣದ ಯಂತ್ರ ಒಂದು ಟ್ರಂಕಿಗಿಂತ ದೊಡ್ಡದೇನಲ್ಲ. ಆದರೆ ಅದರ ಬಾಯಿಗೆ ಬಿಡುವೆಂಬುದಿರಲಿಲ್ಲ. "ಗುರುವಾರ ಪಂಪು ಹತ್ತು ನಿಮಿಷ ತಡವಾಗಿ ಶುರುವಾಗುತ್ತದೆ. ಏಕೆ?" "ಆರನೆಯ ಟ್ಯಾಂಕಿಗೆ ಎರಡು ಹೆಸರುಗಳಿವೆ. ಏಕೆ?" ಎದುರಿಗೆ ಕುಳಿತ ವಾರಿಜಾ ಹಂಪಣ್ಣವರ ಎಂಬಾಕೆ ಉತ್ತರ ಹೇಳಬೇಕು. ಹೇಳಿದರೆ ಯಂತ್ರ ಮುಂದಿನ ಸಾಲಿಗೆ ಹೋಗುತ್ತದೆ. ಹೇಳದಿದ್ದರೆ ಹಟಮಾರಿ ಮಗುವಿನಂತೆ ಅಲ್ಲೇ ಕೂರುತ್ತದೆ.

ಈ ಯಂತ್ರ ಏಕೆ ಬೇಕಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಂಪ್ಯೂಟರಿಗೆ ಕೆಲಸ ಹೇಳುವ ಸಾಲುಗಳ ಕಟ್ಟನ್ನು ಕ್ರಮವಿಧಿ ಎನ್ನುತ್ತಾರೆ. ಅದು ನಡೆಯಲು ಬೇಕಾದ ನೆಲಗಟ್ಟೇ ವೇದಿಕೆ. ಇಪ್ಪತ್ತೊಂದನೆಯ ಶತಮಾನ ಅರ್ಧ ದಾಟಿದರೂ ಒಂದು ವಿಷಯ ಮಾತ್ರ ಬದಲಾಗಿರಲಿಲ್ಲ. ಐದಾರು ವರ್ಷಕ್ಕೊಮ್ಮೆ ವೇದಿಕೆ ಹಳತಾಗುತ್ತಿತ್ತು, ಊರಿನ ಕ್ರಮವಿಧಿಗಳನ್ನೆಲ್ಲ ಹೊಸದಕ್ಕೆ ಸಾಗಿಸಬೇಕಾಗುತ್ತಿತ್ತು. ಹಿಂದಿನ ಯಂತ್ರಗಳು ಸಾಲಿಗೆ ಸಾಲು ನಕಲು ಮಾಡುತ್ತಿದ್ದವು. ತಪ್ಪೂ ಒಪ್ಪೂ ಒಟ್ಟಿಗೇ ಹೊಸ ಮನೆ ಸೇರುತ್ತಿದ್ದವು. ಡಾ. ಪ್ರಹ್ಲಾದ ಗಲಗಲಿಯವರು ಕಂಡುಹಿಡಿದ ಹೇತುಗ್ರಾಹಿ ಹಾಗಲ್ಲ. ಅದು ಸಾಲನ್ನು ಸಾಗಿಸುವುದಿಲ್ಲ, ಸಾಲಿನ ಹಿಂದಿನ ಕಾರಣವನ್ನು ಸಾಗಿಸುತ್ತದೆ. ಕಾರಣಗಳನ್ನೆಲ್ಲ ಕಲೆಹಾಕಿಕೊಂಡು, ಹೊಸ ವೇದಿಕೆಯ ಮೇಲೆ ಮೊದಲಿನಿಂದ ತಾನೇ ಬರೆಯುತ್ತದೆ.

ಐವತ್ತೆರಡು ವರ್ಷದ ವಾರಿಜಾ ಈ ಊರಿನ ನೀರು ಸರಬರಾಜಿನ ಕ್ರಮವಿಧಿಯನ್ನು ಬರೆದವಳು. ಇಪ್ಪತ್ತೆಂಟು ವರ್ಷಗಳ ಕೆಲಸದಲ್ಲಿ ಐದು ವೇದಿಕೆ ಕಂಡವಳು. ಪ್ರತಿ ಸಲವೂ ಅದೇ ಗೋಳು. ಹೊಸದನ್ನು ಮಾರಲು ಬಂದವರು ಇನ್ನು ಮುಂದೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ ಎನ್ನುವರು. ಮೊದಲ ತಿಂಗಳು ಬೆರಳು ಹಳೆಯ ಕೀಲಿಯನ್ನೇ ಹುಡುಕುವುದು. ನಿನ್ನೆಯವರೆಗೆ ಹತ್ತು ಜನಕ್ಕೆ ಪಾಠ ಹೇಳಿದವಳು, ನಿನ್ನೆ ಮೊನ್ನೆ ಸೇರಿದವರ ಪಕ್ಕ ನಿಂತು "ಇದರಲ್ಲಿ ಉಳಿಸುವುದು ಎಲ್ಲಿಂದ?" ಎಂದು ತಗ್ಗಿದ ದನಿಯಲ್ಲಿ ಕೇಳಬೇಕು. ಅಂತೂ ಕೈಗೆ ಹತ್ತಿತು ಎನ್ನುವಷ್ಟರಲ್ಲಿ ಇನ್ನೊಂದು ಬರುವುದು. ಬಾಡಿಗೆ ಮನೆ ಬದಲಿಸುವವರು ಬಿಚ್ಚದ ಡಬ್ಬವನ್ನು ಹಾಗೇ ಮುಂದಿನ ಮನೆಗೆ ಒಯ್ಯುವಂತೆ, ಅವಳೂ ಎಷ್ಟೋ ಸಾಲುಗಳನ್ನು ನೋಡದೆಯೇ ದಾಟಿಸಿದ್ದಳು. ಆ ಗಡಿಬಿಡಿಯಲ್ಲಿ ನೋಡುತ್ತ ಕೂರುವ ಪುಣ್ಯಾತ್ಮರು ಯಾರಿದ್ದಾರೆ ಹೇಳಿ.

ಮಧ್ಯಾಹ್ನ ಊಟ ಮುಗಿಸಿ ಕುಳಿತಾಗ ಯಂತ್ರ ಕೇಳಿತು: "ಬಾರೀಗಿಡದ ಓಣಿಗೆ ಮಾತ್ರ ಮೂವತ್ತೈದು ನಿಮಿಷ ನೀರು. ಉಳಿದ ಎಲ್ಲ ಓಣಿಗಳಿಗೆ ಎರಡು ಗಂಟೆ. ಏಕೆ?"

ವಾರಿಜಾಗೆ ಏಕೆಂದು ಗೊತ್ತಿತ್ತು. ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಒಂದು ಓಣಿಯ ವಾಲ್ವು ಮುಚ್ಚಿದ ಮೇಲೆ ಮುಂದಿನದು ತೆರೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸಬೇಕಿತ್ತು. ಅದಕ್ಕಾಗಿ ಎರಡು ಗಂಟೆ ಯಾರು ಕಾಯುತ್ತಾರೆ? ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಒಂದು ಓಣಿಯ ಹೊತ್ತನ್ನು ಮೂವತ್ತೈದು ನಿಮಿಷಕ್ಕೆ ಇಳಿಸಿದಳು. ಊಟದ ಹೊತ್ತಿಗೆ ಪರೀಕ್ಷೆ ಮುಗಿಯಿತು. "ಆಮೇಲೆ ಸರಿಪಡಿಸಬೇಕು" ಎಂದು ಪಕ್ಕದಲ್ಲಿ ಒಂದು ಟಿಪ್ಪಣಿಯನ್ನೂ ಬರೆದಳು. ಈ ಕಸುಬಿನವರೆಲ್ಲ ಮಾಡುವುದು ಹೀಗೆಯೇ. ಮರುವರ್ಷ ವೇದಿಕೆ ಬದಲಾಯಿತು. ನಕಲು ಮಾಡುವ ಯಂತ್ರ ಟಿಪ್ಪಣಿಗಳನ್ನು ಬಿಟ್ಟು ಸಾಲುಗಳನ್ನು ಮಾತ್ರ ಸಾಗಿಸಿತು. ಆಮೇಲೆ ಇನ್ನೆರಡು ಸಲ ವೇದಿಕೆ ಬದಲಾಯಿತು.

ನೂರ ನಲವತ್ತು ಮನೆಗಳು. ನಾಲ್ಕು ದಿನಕ್ಕೊಮ್ಮೆ ಮೂವತ್ತೈದು ನಿಮಿಷ. ಹತ್ತೊಂಬತ್ತು ವರ್ಷ. ಅವಳು ತಲೆ ಎತ್ತಿ ನೋಡಿದಳು. ಒಂದು ಕಡೆ ಗಲಗಲಿಯವರು ಕುಳಿತಿದ್ದರು. ಇನ್ನೊಂದು ಕಡೆ, ವಾಲ್ವುಗಳ ಉಸ್ತುವಾರಿ ನೋಡುವ ದಾವಲಸಾಬ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನಿಂತಿದ್ದ. ಅವನ ಮನೆ ಇದ್ದದ್ದು ಬಾರೀಗಿಡದ ಓಣಿಯಲ್ಲೇ.

"ಆ ಓಣಿ ತಗ್ಗಿನಲ್ಲಿದೆ," ಎಂದಳು ವಾರಿಜಾ. "ಅಲ್ಲಿ ನೀರಿನ ಒತ್ತಡ ಹೆಚ್ಚು. ಕಡಿಮೆ ಹೊತ್ತಿನಲ್ಲೇ ತುಂಬುತ್ತದೆ."

"ಕಾರಣ ದಾಖಲಾಯಿತು. ಧನ್ಯವಾದಗಳು," ಎಂದಿತು ಯಂತ್ರ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ದಿಗಿಲಾಯಿತು. ಅಷ್ಟರಲ್ಲಿ ದಾವಲಸಾಬ ಬಾಯಿಬಿಟ್ಟ. ಅವನು ಆಕ್ಷೇಪಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಿಂಗೈತೇನ್ರಿ ಬಾಯಾರ? ನಮಗ ಇಷ್ಟ ವರ್ಷ ತಿಳೀಲೇ ಇಲ್ಲ ನೋಡ್ರಿ. ನಮ್ಮ ಓಣಿ ಮಂದಿ ದಿನಾ ನನ್ನ ಜೀವಾ ತಿಂತಾರ. ಬರದವರು ತಿಳೀಲಾರದ ಬರದಾರೇನು, ಏನರ ಕಾರಣ ಇದ್ದ ಇರತೈತಿ ಅಂತ ನಾ ಹೇಳ್ಕೋತ ಬಂದೀನಿ. ಇವತ್ತ ಹೋಗಿ ಎಲ್ಲಾರಿಗೂ ಬಿಡಿಸಿ ಹೇಳ್ತೀನ್ರಿ."

ಅವನ ಮುಖದಲ್ಲಿ ನಿಜವಾದ ಸಮಾಧಾನವಿತ್ತು. ವಾರಿಜಾಗೆ ಆ ಮುಖವನ್ನು ನೋಡಲಾಗಲಿಲ್ಲ. ಮನೆಗೆ ಹೋದ ಮೇಲೆ, ಹೊಸ ಕ್ರಮವಿಧಿ ಬಂದು ನಾಲ್ಕು ದಿನವಾಗಲಿ, ಯಾರಿಗೂ ಗೊತ್ತಾಗದಂತೆ ತಾನೇ ಸರಿಪಡಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಆದರೆ ಹೇತುಗ್ರಾಹಿ ಅವಳ ಮಾತನ್ನು ಅವಳಿಗಿಂತ ಹೆಚ್ಚು ನಂಬಿತ್ತು. ಹತ್ತು ದಿನಗಳ ಮೇಲೆ ಹೊಸ ಕ್ರಮವಿಧಿ ಕೆಲಸ ಶುರುಮಾಡಿತು. ಊರಿನ ತಗ್ಗಿನಲ್ಲಿದ್ದ ಹದಿನಾಲ್ಕು ಓಣಿಗಳಿಗೂ ನೀರು ಮೂವತ್ತೈದು ನಿಮಿಷಕ್ಕೆ ನಿಂತುಹೋಯಿತು. ತಗ್ಗಿನಲ್ಲಿ ಕಡಿಮೆ ಹೊತ್ತು ಸಾಕು ಎಂಬುದು ಕಾರಣವಾದರೆ, ಒಂದೇ ಓಣಿಗೆ ಅನ್ವಯಿಸಿ ಉಳಿದವನ್ನು ಬಿಡುವುದು ಅನ್ಯಾಯವಲ್ಲವೇ? ಯಂತ್ರದ ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಊರು ಬಿಟ್ಟೀತೇ? ಕೊಡ ಹಿಡಿದವರು ನಗರಸಭೆಯನ್ನು ಮುತ್ತಿದರು. ದಾವಲಸಾಬ ಮೆಟ್ಟಿಲ ಮೇಲೆ ನಿಂತು, "ತಗ್ಗಿನ್ಯಾಗ ಒತ್ತಡ ಜಾಸ್ತಿ ಇರತೈತ್ರೀ, ಬಾಯಾರು ಲೆಕ್ಕಾ ಹಾಕಿ ಹೇಳ್ಯಾರ," ಎಂದು ಪಾಪ, ಒಬ್ಬೊಬ್ಬರಿಗೂ ವಿವರಿಸಿದ. ಯಾರೋ ಅವನ ಅಂಗಿಯ ಕಾಲರು ಹಿಡಿದು ಎಳೆದಾಡಿದರು. ಮುಖ್ಯಾಧಿಕಾರಿಗಳಿಗೆ ಯಂತ್ರದ ಮೇಲೆ ಅಪಾರ ನಂಬಿಕೆ. ಯಂತ್ರ ತಪ್ಪುವುದಿಲ್ಲವಾದರೆ ತಪ್ಪಿದವನು ಮನುಷ್ಯನೇ ಇರಬೇಕಲ್ಲ. ತನ್ನ ಓಣಿಗೆ ನೀರು ಹರಿಸಲು ದಾವಲಸಾಬ ಕೈಯಿಂದ ವಾಲ್ವು ತಿರುಗಿಸಿದ್ದಾನೆ, ಅವನನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ನೋಟಿಸು ಹೊರಟಿತು. ಮರುದಿನ ಹತ್ತು ಗಂಟೆಗೆ ವಿಚಾರಣೆ.

ಆ ಸಂಜೆ ವಾರಿಜಾ ಗಲಗಲಿಯವರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅವಳ ಕಣ್ಣು ಮೇಜಿನ ಮೇಲೆಯೇ ಇತ್ತು.

"ಆ ಕಾರಣವನ್ನು ಸುಮ್ಮನೆ ಅಳಿಸಿಬಿಡಲು ಬರುವುದಿಲ್ಲವೇ ಸರ್?"

"ಬರುವುದಿಲ್ಲ. ಹೇಳಿದವರೇ ಬಂದು ನಿಜವಾದ ಕಾರಣ ಹೇಳಿದರೆ ಮಾತ್ರ ಹಳೆಯದು ಹೋಗುತ್ತದೆ. ಆಮೇಲೆ ಊರಿನಲ್ಲಿ ಯಾರು ಕೇಳಿದರೂ ಯಂತ್ರ ಅದನ್ನು ಓದಿ ಹೇಳುತ್ತದೆ, ನಿಮ್ಮ ಹೆಸರಿನ ಸಮೇತ. ನಾನೇ ಹಾಗೆ ಮಾಡಿದ್ದೇನೆ." ಗಲಗಲಿಯವರು ಕನ್ನಡಕ ತೆಗೆದು ಒರೆಸಿದರು. "ಜನಕ್ಕೆ ಕಾರಣ ಮರೆತಿರಬಹುದು ಎಂದು ಯೋಚಿಸಿದ್ದೆ ಮೇಡಂ. ಗೊತ್ತಿದ್ದೂ ಬೇರೆ ಹೇಳುತ್ತಾರೆ ಎಂಬುದು ತಲೆಗೆ ಹೊಳೆಯಲಿಲ್ಲ. ಅದು ನನ್ನ ದಡ್ಡತನ."

"ನಾನು ಹೇಳದಿದ್ದರೆ?"

"ಯಂತ್ರ ಸರಿಯಾಗಿಯೇ ಇದೆ ಎಂದು ನಾಳೆ ನಾನು ಹೇಳಬೇಕಾಗುತ್ತದೆ. ಅದು ನಿಜವೂ ಹೌದು. ಆಗ ಆ ಮನುಷ್ಯನ ಕೆಲಸ ಹೋಗುತ್ತದೆ."

ಮರುದಿನ ವಿಚಾರಣೆಯಲ್ಲಿ ದಾವಲಸಾಬ ಹೆಚ್ಚೇನೂ ಹೇಳಲಿಲ್ಲ. "ಹತ್ತೊಂಬತ್ತು ವರ್ಷದಾಗ ನನ್ನ ಓಣಿ ಅಂತ ಒಂದ ಸಲಾನೂ ವಾಲ್ವಿನ ಚಕ್ರಾ ಮುಟ್ಟಿಲ್ರಿ ಸಾಹೇಬ್ರ. ಮುಟ್ಟಿದ್ದರ ನಮ್ಮ ಮನ್ಯಾಗ ನೀರ ಇರತಿತ್ತು," ಎಂದ.

ವಾರಿಜಾ ಎದ್ದು ಯಂತ್ರದ ಮುಂದೆ ಹೋಗಿ ನಿಂತಳು. "ಬಾರೀಗಿಡದ ಓಣಿಯ ಬಗ್ಗೆ ನಾನು ಹೇಳಿದ್ದು ಸುಳ್ಳು. ಪರೀಕ್ಷೆ ಬೇಗ ಮುಗಿಯಲಿ ಎಂದು ಮೂವತ್ತೈದು ಹಾಕಿದ್ದೆ. ತೆಗೆಯಲು ಮರೆತೆ. ಮೂರು ಸಲ ವೇದಿಕೆ ಬದಲಿಸಿದಾಗಲೂ ನೋಡಲಿಲ್ಲ. ಮೊನ್ನೆ ಕೇಳಿದಾಗ ನಾಚಿಕೆಯಾಗಿ ಬಾಯಿಗೆ ಬಂದದ್ದನ್ನು ಹೇಳಿದೆ."

"ಕಾರಣ ದಾಖಲಾಯಿತು. ಧನ್ಯವಾದಗಳು," ಎಂದಿತು ಯಂತ್ರ. ಅದೇ ದನಿ, ಅದೇ ಮರ್ಯಾದೆ.

ಮುಖ್ಯಾಧಿಕಾರಿಗಳು ಏನೇನೋ ಅಂದರು. ಅದೊಂದೂ ಅವಳ ಕಿವಿಗೆ ಬೀಳಲಿಲ್ಲ. ಅವಳು ಕಾಯುತ್ತಿದ್ದದ್ದು ದಾವಲಸಾಬನ ಬೈಗುಳಕ್ಕೆ. ಅವನು ಬೈಯಲಿಲ್ಲ. ನೆಲ ನೋಡುತ್ತ ಹೇಳಿದ: "ನನ್ನ ಹೆಂಡ್ತಿ ಹಸೀನಾಗ ನಾ ಬೈತಿದ್ದೆ ಬಾಯಾರ. ನಿನಗ ನೀರ ಬಳಸಾಕ ಬರೂದಿಲ್ಲ, ಉಳಿದ ಓಣ್ಯಾಗ ಹೆಣ್ಣಮಕ್ಕಳು ಸಂಸಾರ ಮಾಡವಲ್ಲರೇನು ಅಂತ. ಲಗ್ನಾದ ಹೊಸದಾಗಿಂದ ಬೈಕೋತ ಬಂದೀನಿ. ನೀವ ಬಂದ ಆಕಿಗೆ ಹೇಳ್ರಿ. ನನಗ ಆಗೂದಿಲ್ಲ," ಎಂದ.

ಎರಡು ಗಂಟೆಯ ಸರದಿ ಬಾರೀಗಿಡದ ಓಣಿಗೆ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಬಂದದ್ದು ಭಾನುವಾರ ಬೆಳಿಗ್ಗೆ ಏಳಕ್ಕೆ. ಅಷ್ಟು ಹೊತ್ತಿಗೆ ವಾರಿಜಾ ದಾವಲಸಾಬನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಹಸೀನಾಬಿಗೆ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಹಸೀನಾಬಿ ಗಲ್ಲಕ್ಕೆ ಕೈ ಹಚ್ಚಿ ಕೇಳಿಸಿಕೊಂಡು, ಗಂಡನ ಕಡೆ ಒಮ್ಮೆ ನೋಡಿ, ನಲ್ಲಿಯ ಕಡೆ ನಡೆದಿದ್ದಳು.

ನೀರು ಬಂತು. ಓಣಿಯ ತುಂಬ ಒಂದೇ ಓಟ. ಎಲ್ಲರಿಗೂ ಅನ್ನಿಸಿದ್ದು, ಇದು ಅದೇ ಹಳೆಯ ಓಟ ಎಂದೇ. ಮೊದಲು ಕುಡಿಯುವ ಕೊಡ, ಆಮೇಲೆ ಹಂಡೆ, ಆಮೇಲೆ ಬಕೀಟು, ಕೊನೆಗೆ ಚೊಂಬು ಲೋಟ. ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಅವರ ಮೈಗೇ ಲೆಕ್ಕ ಗೊತ್ತಿತ್ತು. ಮೂವತ್ತೈದನೆಯ ನಿಮಿಷಕ್ಕೆ ಸರಿಯಾಗಿ ನೂರ ನಲವತ್ತು ಮನೆಯವರೂ ನಲ್ಲಿ ಮುಚ್ಚಿ, ಪೈಪು ಸುತ್ತಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು. ಓಣಿ ಗಪ್ಪಾಯಿತು.

"ಇನ್ನೂ ಒಂದೂವರೆ ಗಂಟೆ ಬರುತ್ತದೆ," ಎಂದಳು ವಾರಿಜಾ. "ತುಂಬಿಸಿಕೊಳ್ಳಿ."

"ಯಾವುದರಾಗ ತುಂಬಸೂಣ್ರಿ?" ಎಂದಳು ಹಸೀನಾಬಿ. "ಇರೂ ಭಾಂಡೆ ಎಲ್ಲಾ ತುಂಬ್ಯಾವ."

ವಾರಿಜಾ ಸುತ್ತ ನೋಡಿದಳು. ಇಡೀ ಓಣಿಯಲ್ಲಿ ಒಂದು ತೊಟ್ಟಿ ಇರಲಿಲ್ಲ, ಬಾಗಿಲ ಮುಂದೆ ಒಂದು ಹೂವಿನ ಗಿಡವಿರಲಿಲ್ಲ. ಮೂವತ್ತೈದು ನಿಮಿಷಕ್ಕೆ ಹಿಡಿಸುವಷ್ಟು ಸಂಸಾರವನ್ನು ಮಾತ್ರ ಅಲ್ಲಿನ ಜನ ಕಟ್ಟಿಕೊಂಡಿದ್ದರು. ಯಾವ ಯಂತ್ರವೂ ಕೇಳದೆ ಬಿಟ್ಟ ವಿಷಯ ಇದು.

ಹಸೀನಾಬಿ ಮತ್ತೆ ನಲ್ಲಿ ತಿರುಗಿಸಿ ನೋಡಿದಳು. ನೀರು ಇನ್ನೂ ಬರುತ್ತಿತ್ತು. ಅವಳು ಕಟ್ಟೆಗೆ ಬಂದು ವಾರಿಜಾಳ ಪಕ್ಕ ಕುಳಿತಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು.

"ನಿಮ್ಮ ಮನ್ಯಾಗ ಮೊದಲಿಂದೂ ಇಷ್ಟ ಹೊತ್ತು ಬರತೈತೇನ್ರಿ ಬಾಯಾರ?"

"ಹೌದು."

"ಅಷ್ಟೊಂದ ನೀರ ತಗೊಂಡು ಏನ ಮಾಡ್ತೀರಿ?"

ವಾರಿಜಾ ಯೋಚಿಸಿದಳು. ಏನು ಮಾಡುತ್ತಿದ್ದಳೆಂದು ಅವಳಿಗೆ ಒಂದೂ ನೆನಪಾಗಲಿಲ್ಲ.