ಮೂರು ಸಲ ಅಳಿಸಿದ ಸಾಲು

"ಅಲಿವೇಲು ಅಂದ್ರೆ ನೀವೇನಾ?"

ಸೂಳ್ಳೂರುಪೇಟೆ ಬಸ್ ನಿಲ್ದಾಣದೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಾಗದದ ಕಟ್ಟು ಬಿಚ್ಚುತ್ತಿದ್ದವಳು ತಲೆಯೆತ್ತಿದಳು. ಬೆವರಿನಲ್ಲಿ ತೊಯ್ದ ನೀಲಿ ಅಂಗಿ, ಎದೆಗವುಚಿದ ಫೈಲು, ಹೆದರಿದ ಕಣ್ಣು...

"ಹೌದು. ಎಷ್ಟು ಪ್ರತಿ?"

"ಪ್ರತಿ ಬೇಡ. ನಾನು ಪೆಂಚಲಕುಮಾರ್, ನೆಲ್ಲೂರು. ರಾಕೆಟ್ ಪಟ್ಟಿಯಲ್ಲಿ ನಿಮ್ಮ ಸಾಲನ್ನ... ಮೂರು ಸಲ ಅಳಿಸಿದವನು."

ಇವನೇನಾ ಅವನು!

ಲೋಕದಲ್ಲಿ ಎಲ್ಲಿಂದ ರಾಕೆಟ್ ಹಾರಿದರೂ ಅದಕ್ಕೊಂದು ಸಾಲು ಬರೆದಿಡುವ ಅಂತರ್ಜಾಲದ ಪಟ್ಟಿ ಅದು. ಸಂಬಳವಿಲ್ಲದೆ ಅದನ್ನು ಕಾಯುವವರಲ್ಲಿ ಇವರಿಬ್ಬರೂ ಇದ್ದರು. ನಾಲ್ಕು ವರ್ಷದ ಒಡನಾಟ, ಮುಖ ಮಾತ್ರ ಕಂಡಿರಲಿಲ್ಲ.

ಅವಳ ತಂದೆ ಸುಬ್ಬರಾಯುಡು ಎಪ್ಪತ್ತಾರನೇ ಇಸವಿಯಲ್ಲಿ ಶ್ರೀಹರಿಕೋಟ ದ್ವೀಪದಲ್ಲಿ ಒಂದು ಪುಟ್ಟ ರಾಕೆಟ್ಟಿಗೆ ಹೆಗಲು ಕೊಟ್ಟವರು. ಆ ಹಾರಾಟ ಪಟ್ಟಿಯಲ್ಲಿರಲಿಲ್ಲ. ಅವಳು ಸೇರಿಸುತ್ತಿದ್ದಳು, ಇವನು ಅಳಿಸುತ್ತಿದ್ದ. 'ಅಚ್ಚಾದ ಆಧಾರ ಬೇಕು. ಮನೆಯವರ ಮಾತು ಸಾಲದು.'

ಪಕ್ಕದ ಚಹಾ ಅಂಗಡಿಯ ಚೆಂಚಯ್ಯನಿಗಂತೂ ಹಬ್ಬ! "ಏನ್ ಸುಬ್ಬರಾಯುಡು, ನೀನು ಹಾರ್ಸಿದ್ದು ರಾಕೆಟ್ಟಾ, ಬರೀ ಪುಂಗಿನಾ?" ಅಂದಿನಿಂದ ಅಪ್ಪ ಆ ಕಡೆ ಹೆಜ್ಜೆ ಇಟ್ಟಿರಲಿಲ್ಲ.

"ನಮ್ಮ ನಾಯನ ಸುಳ್ಳುಗಾರ ಅಂತ ಹೇಳೋಕೆ ಇಲ್ಲೀತನಕ ಬಂದ್ರಾ?" ಅವಳು ಕಾಗದದ ಕಟ್ಟನ್ನು ಮೇಜಿಗೆ ಕುಕ್ಕಿದಳು.

ಅವನು ಫೈಲು ತೆರೆದ. ಹಳೆಯ ತೆಲುಗು ದಿನಪತ್ರಿಕೆಯೊಂದರ ನಕಲು. 'ದ್ವೀಪದಿಂದ ನಿನ್ನೆ ಬೆಳಗಿನ ಜಾವ ರಾಕೆಟ್ ಪರೀಕ್ಷೆ ಯಶಸ್ವಿ.' ಪತ್ರಿಕೆಯ ತಾರೀಖು ಎಪ್ಪತ್ತಾರರ ಏಪ್ರಿಲ್ ಹತ್ತು!

ಅಲಿವೇಲು ನಕಲನ್ನು ಕೈಗೆತ್ತಿಕೊಂಡಳು.

"ನೀವು ಏಪ್ರಿಲ್ ಎಂಟು ಅಂತ ಬರೆದಿದ್ರಿ. ಎಂಟು, ಒಂಬತ್ತರ ಪೇಪರನ್ನ ಮೂರು ಲೈಬ್ರರೀಲಿ ಜಾಲಾಡಿದೆ, ಐದು ತಿಂಗಳು!"

ಐದು ತಿಂಗಳು... ಇವನು ಹುಡುಕುತ್ತಿದ್ದನಾ?

"ನಾಯನ ಹೇಳಿದ್ದು ಒಂಬತ್ತೇ," ಅವಳು ತಡವರಿಸಿದಳು. "ಬೆಳಗಿನ ಜಾವ ನಾಲ್ಕು ಐವತ್ತು. ಪಟ್ಟೀಲಿ ಇಡೀ ಲೋಕಕ್ಕೆ ಒಂದೇ ಗಡಿಯಾರ ತಾನೇ? ನಮ್ಮ ಹೊತ್ತನ್ನ ಐದೂವರೆ ಗಂಟೆ ಹಿಂದೆ ಹಾಕಿದ್ರೆ ಹಿಂದಿನ ದಿನ. ಅದಕ್ಕೇ ಎಂಟು ಅಂತ..."

"ಹೊತ್ತಿನ ಕಾಲಂ ಖಾಲಿ ಬಿಟ್ಟಿದ್ರಿ ತಾಯೀ!"

ಅಯ್ಯೋ! ತಪ್ಪು ತನ್ನದೇ!

"ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?"

"ನಾಲ್ಕು ವರ್ಷದಲ್ಲಿ ನೀವು ಬರೆದ ಸಾಲುಗಳನ್ನೆಲ್ಲ ಓದಿದೆ. ಒಂದರಲ್ಲೂ ನಮ್ಮೂರ ಗಡಿಯಾರದ ಹೊತ್ತಿಲ್ಲ. ಅಪ್ಪ ಹೇಳಿದ ತಾರೀಖನ್ನೂ ಲೋಕದ ಗಡಿಯಾರಕ್ಕೆ ತಿರುಗಿಸಿರ್ತೀರಿ ಅನ್ನಿಸ್ತು, ಹತ್ತರ ಪೇಪರ್ ತೆಗೆದೆ."

ತನ್ನ ಅಕ್ಷರವನ್ನು ಇಷ್ಟು ಪ್ರೀತಿಯಿಂದ ಯಾರಾದರೂ ಓದಿದ್ದುಂಟೇ?

"ನಾಯನಾ!" ಕೂಗಿದಳು. ಒಳಗಿನಿಂದ ಬಂದ ಸುಬ್ಬರಾಯುಡು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ಓದಿದರು. ಅಲಿವೇಲು ಈ ಸಲ ಹೊತ್ತಿನ ಸಮೇತ ಸಾಲು ಬರೆದಳು. ಪೆಂಚಲಕುಮಾರ್ ಆಧಾರವನ್ನು ಜೋಡಿಸಿ ಒಪ್ಪಿಗೆ ಒತ್ತಿದ.

ಸಾಲು ನಿಂತಿತು!

"ಒರೇಯ್ ಚೆಂಚಯ್ಯಾ! ಬಾರೋ, ಕನ್ನಡಕ ಹಾಕ್ಕೊಂಡು ಬಾ!" ಸುಬ್ಬರಾಯುಡು ಬಾಗಿಲಿಗೆ ಬಂದು ಕೂಗಿದರು.

ಚಹಾ ಅಂಗಡಿಯೇ ಇತ್ತ ನುಗ್ಗಿತು. ಚೆಂಚಯ್ಯ ಪರದೆಯನ್ನು ಎರಡು ಸಲ ಓದಿ, ಕಿವಿ ಹಿಡಿದುಕೊಂಡ. "ಸೋತೆ ಕಣಣ್ಣಾ! ನಡಿ, ಇವತ್ತು ಎಲ್ಲರಿಗೂ ನನ್ನ ಚಹಾ." ಐವತ್ತು ವರ್ಷ ಕಿರಿಯರಾದವರಂತೆ ಸುಬ್ಬರಾಯುಡು ಎದೆಯುಬ್ಬಿಸಿ ಮುಂದೆ ನಡೆದರು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಇದನ್ನ ನೆಲ್ಲೂರಿಂದಲೇ ಸೇರಿಸಬಹುದಿತ್ತಲ್ಲ? ಇಷ್ಟು ದೂರ ಯಾಕೆ ಬಂದ್ರಿ?"

ಅವನು ಖಾಲಿ ಫೈಲನ್ನು ಮಡಿಸಿದ, ಬಿಡಿಸಿದ. "ನಿಮ್ಮನ್ನ ನೋಡಬೇಕಿತ್ತು. ಬೈಸಿಕೊಂಡ್ರೂ ಪರವಾಗಿಲ್ಲ ಅಂತ ಬಂದೆ. ನಿಮಗೆ ಒಪ್ಪಿಗೆ ಇದ್ರೆ... ಭಾನುವಾರ ಅಮ್ಮನ್ನ ಕರ್ಕೊಂಡು ಬರ್ಲಾ?"

ಅವಳು ಮೇಜಿನ ಕಾಗದಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು. ಅವನ ಮುಖ ಬಾಡುತ್ತಾ ಬಂತು.

"ನಿಮ್ಮಮ್ಮ ಮೀನಿನ ಪುಲುಸು ಸಾರು ತಿಂತಾರಾ?"

ಅವನ ಕಣ್ಣು ತುಂಬಿ ಬಂತು. "ತಿಂತಾರೆ... ಖಾರ ಸ್ವಲ್ಪ ಜಾಸ್ತಿ ಇರ್ಲಿ."