ತಪ್ಪೊಪ್ಪಿಗೆಯಲ್ಲಿದ್ದ ಪಿನ್ನು

ಆ ತಾಯಿ ಬಂದಾಗ ಸಾಹೇಬರು ಕುರ್ಚಿಯಲ್ಲೇ ಕಣ್ಣು ಮುಚ್ಚಿ ಕೂತಿದ್ದರು. ಅವರು ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿ, ನಾನು ಅವರ ಡ್ರೈವರ್. ಅವರು ತೂಕಡಿಸುತ್ತಿದ್ದಾರೋ ಮುಂದಿನ ಪುಸ್ತಕದ ಯೋಚನೆಯಲ್ಲಿದ್ದಾರೋ ಅಂತ ಇಷ್ಟು ವರ್ಷವಾದರೂ ನನಗೆ ತಿಳಿಯುತ್ತಿರಲಿಲ್ಲ. ನ್ಯಾಯ ಎಲ್ಲೆಲ್ಲಿ ಎಡವುತ್ತದೆ ಅಂತ ಅವರು ಪುಸ್ತಕದ ಮೇಲೆ ಪುಸ್ತಕ ಬರೆದವರು. ಇಲಾಖೆಯವರು ಮುಲಾಜಿಗೆ ಕೊಂಡರು, ಓದಿದವರು ಯಾರೂ ಇಲ್ಲ ಅಂತಲೇ ನಾನು ತಿಳಿದಿದ್ದೆ.

ಆಕೆಯ ಮಗ ಮರಗೆಲಸದ ಕಾರ್ಖಾನೆಯಲ್ಲಿ ಪಾಲಿಶ್ ಮಾಡುವವನು. ಮೊನ್ನೆ ರಾತ್ರಿ ಕಾರ್ಖಾನೆಗೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಕಾವಲುಗಾರ ಸತ್ತಿದ್ದ. ಆ ಸಂಜೆ ಎಣ್ಣೆ ಒರೆಸುವ ಬಟ್ಟೆಗಳ ವಿಷಯಕ್ಕೆ ಮಗನಿಗೂ ಮಾಲೀಕನಿಗೂ ಮಾತಿಗೆ ಮಾತು ಬೆಳೆದಿತ್ತಂತೆ. ಬೆಳಗಾಗುತ್ತಲೇ ಇಬ್ಬರು ಪೇದೆಗಳು ಬಂದು ಅವನನ್ನು ಎಳೆದೊಯ್ದರು. ಎಳೆದ ರಭಸಕ್ಕೆ ಹೊಸ್ತಿಲಲ್ಲೇ ಅವನ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಮಗ ಬರಿಗಾಲಲ್ಲಿ ಹೋಗುವುದು ಬೇಡ ಅಂತ ತಾಯಿಯೇ ಪಿನ್ನು ಚುಚ್ಚಿ ಕೊಟ್ಟಳು. ಈಗ ಅವನು ಎಲ್ಲ ಒಪ್ಪಿಕೊಂಡಿದ್ದಾನೆ, ನಾಳೆ ಕೋರ್ಟಿನಲ್ಲೂ ಅದನ್ನೇ ಹೇಳಬೇಕಂತೆ. ಕೊಲೆ ಕೇಸು, ಜೀವಾವಧಿ ಆದರೂ ಆದೀತು.

"ನೀವು ಪುಸ್ತಕ ಬರೀತೀರಂತೆ. ಅದರಿಂದ ನನ್ನ ಮಗ ಹೊರಗೆ ಬರ್ತಾನಾ?" ಅಂದಳು.

"ಪುಸ್ತಕದಿಂದ ಇವತ್ತಿನವರೆಗೆ ಯಾರೂ ಹೊರಗೆ ಬಂದಿಲ್ಲಮ್ಮ. ನಡೀರಿ, ನೋಡೋಣ," ಅಂದರು ಸಾಹೇಬರು.

ಕಾರ್ಖಾನೆ ಅಂತ ಹೇಳಲು ಅಲ್ಲಿ ಗೋಡೆ, ಬಾಗಿಲ ಚೌಕಟ್ಟು, ನೆಲ ಬಿಟ್ಟರೆ ಏನೂ ಉಳಿದಿರಲಿಲ್ಲ. ಸಾಹೇಬರು ಬಾಗಿಲ ಚೌಕಟ್ಟಿನ ಬುಡ ಮುಟ್ಟಿ ನೋಡಿದರು. ಅದು ಬರೀ ಕಂದಿತ್ತು. ಹಿಂದಿನ ಮೂಲೆಯಲ್ಲಿ ಮಾತ್ರ ನೆಲದ ಹಲಗೆ ಪೂರ್ತಿ ಸುಟ್ಟು ತೂತು ಬಿದ್ದಿತ್ತು. ಅಂಗಳದ ಉದ್ದಕ್ಕೆ ಎಣ್ಣೆ ಬಟ್ಟೆ ಒಣಹಾಕುವ ತಂತಿ ಕಟ್ಟಿದ್ದರು, ಅದರ ಮೇಲೆ ಒಂದು ಚಿಂದಿಯೂ ಇರಲಿಲ್ಲ. ಪಾಲಿಶಿಗೆ ಯಾವ ಎಣ್ಣೆ ಅಂತ ಮಾಲೀಕನನ್ನು ಕೇಳಿದರು. ಅಗಸೆ ಎಣ್ಣೆ ಅಂದ. ನನಗೆ ತಲೆಬುಡ ಅರ್ಥವಾಗಲಿಲ್ಲ, ಹೊಟ್ಟೆ ಬೇರೆ ಹಸಿದಿತ್ತು.

ಅಲ್ಲಿಂದ ಮಾಲೀಕನನ್ನೂ ಕರೆದುಕೊಂಡು ಠಾಣೆಗೆ ಹೋದೆವು. ಸಾಹೇಬರು ಇನ್‌ಸ್ಪೆಕ್ಟರನ ಕೋಣೆಯಲ್ಲಿ ತಾಯಿ, ಮಗ, ಮಾಲೀಕ ಎಲ್ಲರನ್ನೂ ಕೂರಿಸಿ ಹೇಳಿಕೆ ಓದಿಸಿದರು. 'ಮಾಲೀಕನ ಮೇಲಿನ ಸಿಟ್ಟಿಗೆ ಬಾಗಿಲ ಬಳಿ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದೆ. ಓಡುವಾಗ ಚಪ್ಪಲಿ ಕಿತ್ತುಹೋಯಿತು. ದೀಪದ ಕಂಬದ ಕೆಳಗೆ ನಿಂತು ಪಿನ್ನು ಹಾಕಿಕೊಂಡೆ.'

ತಾಯಿ ಬಾಯಿ ತೆರೆದಳು. ಸಾಹೇಬರು ತಡೆದರು.

"ಬಾಗಿಲಲ್ಲಿ ಸೀಮೆಎಣ್ಣೆ ಸುರಿದಿದ್ದರೆ ಚೌಕಟ್ಟು ಮೊದಲು ಸುಡಬೇಕಿತ್ತು. ಬೆಂಕಿ ಹುಟ್ಟಿದ್ದು ಮೂಲೆಯಲ್ಲಿ. ಅಲ್ಲಿ ಏನಿತ್ತು?" ಅಂತ ಮಾಲೀಕನನ್ನು ಕೇಳಿದರು.

ಮಾಲೀಕ ತಡವರಿಸಿದ. ಮಾರನೆಯ ದಿನ ದೊಡ್ಡ ಗಿರಾಕಿ ಬರುವವನಿದ್ದ, ತಂತಿಯ ಮೇಲೆ ಚಿಂದಿ ನೇತಾಡಿದರೆ ಗಲೀಜು ಕಾಣುತ್ತದೆ ಅಂತ ಮೂಟೆ ಕಟ್ಟಿಸಿ ಮೂಲೆಗೆ ಒತ್ತಿಸಿದ್ದನಂತೆ. ಪಾಲಿಶಿನವನು ಬೇಡ ಬೇಡ ಅಂದಿದ್ದ. ಜಗಳ ಆದದ್ದು ಅದಕ್ಕೇ.

"ಅಗಸೆ ಎಣ್ಣೆಯ ಬಟ್ಟೆ ಮೂಟೆ ಕಟ್ಟಿದರೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳುತ್ತೆ. ಕಡ್ಡಿ ಗೀರಿದವರು ಯಾರೂ ಇಲ್ಲ," ಅಂದರು ಸಾಹೇಬರು. ಅವರ ದನಿಯಲ್ಲಿ ಗೆದ್ದ ಖುಷಿ ಒಂದಿಷ್ಟೂ ಇರಲಿಲ್ಲ. ಇನ್‌ಸ್ಪೆಕ್ಟರನ ಕಡೆ ತಿರುಗಿದರು. "ಇನ್ನು ಪಿನ್ನು. ಚಪ್ಪಲಿ ಕಿತ್ತದ್ದು ಬೆಂಕಿಯ ಮಾರನೇ ಬೆಳಿಗ್ಗೆ, ಇವರ ಹೊಸ್ತಿಲಲ್ಲಿ. ನಿನ್ನ ಪೇದೆಗಳೇ ನೋಡಿದ್ದಾರೆ. ನೀನು ಆ ಚಪ್ಪಲಿ ನೋಡಿದ್ದು ಠಾಣೆಯಲ್ಲಿ, ಪಿನ್ನು ಸಮೇತ. ಹಾಗಾಗಿ ಈ ಹೇಳಿಕೆ ಇವನದ್ದಲ್ಲ, ನಿನ್ನದು. ಸೀಮೆಎಣ್ಣೆ ಸಾಕಿತ್ತಲ್ಲ, ಪಿನ್ನು ಯಾಕೆ ಸೇರಿಸಿದೆ?"

ಇನ್‌ಸ್ಪೆಕ್ಟರ್ ತಲೆ ತಗ್ಗಿಸಿದ. "ನಿಮ್ಮ ಪುಸ್ತಕದಲ್ಲೇ ಇದೆ ಸಾರ್. ನಿಜವಾದ ಒಪ್ಪಿಗೆಯಲ್ಲಿ ಕೆಲಸಕ್ಕೆ ಬಾರದ ಒಂದು ವಿವರ ಇದ್ದೇ ಇರುತ್ತೆ, ಜಡ್ಜು ನಂಬೋದು ಅದನ್ನೇ ಅಂತ. ಎರಡು ಸಲ ಓದಿದೀನಿ."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ಸಾಹೇಬರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆ ಹೊತ್ತು ಅವರು ಬಹಳ ಮುದುಕರಾಗಿ ಕಂಡರು.

"ಅದು ನಿನ್ನಂಥವರನ್ನ ಹಿಡಿಯೋಕೆ ಬರೆದದ್ದಪ್ಪ," ಅಂದರು.

ಇನ್‌ಸ್ಪೆಕ್ಟರನನ್ನು ಕೆಲಸದಿಂದ ದೂರ ಇಡಬೇಕೆಂದು ಅಲ್ಲೇ ಮೇಲಿನವರಿಗೆ ಫೋನು ಮಾಡಿದರು. ಆಮೇಲೆ ಪಾಲಿಶಿನವನ ಹೆಗಲ ಮೇಲೆ ಕೈಯಿಟ್ಟು, ಅವನು ಏನೂ ಮಾಡಿಲ್ಲ ಅಂತ ಎಲ್ಲರಿಗೂ ಗೊತ್ತಾಗಿದೆ, ಅಮ್ಮನ ಜೊತೆ ಮನೆಗೆ ಹೋಗಲಿ ಅಂತ ಹೇಳಿದರು.

ಅವನು ಎದ್ದು ನಿಂತ. ತಾಯಿ ಕೈ ಹಿಡಿದು ಎಳೆದಳು, ಅವನು ಕದಲಲಿಲ್ಲ.

"ಇಲ್ಲ ಸಾರ್, ನಾನೇ. ಬಾಗಿಲ ಬಳಿ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದೆ. ಓಡುವಾಗ ಚಪ್ಪಲಿ ಕಿತ್ತುಹೋಯಿತು. ದೀಪದ ಕಂಬದ ಕೆಳಗೆ ನಿಂತು ಪಿನ್ನು ಹಾಕಿಕೊಂಡೆ," ಅಂತ ಒಂದಕ್ಷರ ತಪ್ಪದೆ ಒಪ್ಪಿಸಿದ. ಆಮೇಲೆ ಇನ್‌ಸ್ಪೆಕ್ಟರನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಸರಿಯಾಗಿ ಹೇಳಿದ್ನಾ ಸಾರ್?"